ನೂರು ಹೆಸರುಗಳ ಪಟ್ಟಿ: ಬೇಸ್‌ಬಾಲ್ ಹುಡುಗರ ಹಣೆಬರಹ ಬರೆಯುವವರಾರು?

2023ರ ಜುಲೈ 9. ಅಮೆರಿಕದ ಸಿಯಾಟಲ್ ನಗರದಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನ ವಾರ್ಷಿಕ ಡ್ರಾಫ್ಟ್ ನಡೆಯುತ್ತಿತ್ತು. 30 ತಂಡಗಳು ಸರದಿಯ ಪ್ರಕಾರ ಪ್ರೌಢಶಾಲೆ ಹಾಗೂ ಕಾಲೇಜುಗಳ ಹುಡುಗರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಿದು. 28 ಆಟಗಾರರ ಮೊದಲ ಸುತ್ತು ಮುಗಿದ ಕೂಡಲೇ ಆತಿಥೇಯ ನಗರದ ಮ್ಯಾರಿನರ್ಸ್ ತಂಡಕ್ಕೆ ಹೆಚ್ಚುವರಿಯಾಗಿ ಒಂದು ಅವಕಾಶ ದೊರೆಯಿತು. 29ನೆಯ ಆಟಗಾರನಾಗಿ ವರ್ಜೀನಿಯಾದ ಪ್ರೌಢಶಾಲಾ ವಿದ್ಯಾರ್ಥಿ ಜಾನಿ ಫಾರ್ಮೆಲೊ ಎಂಬಾತನನ್ನು ತಂಡ ಆರಿಸಿಕೊಂಡಿತು.

ಈ ಬಹುಮಾನ ಬಂದದ್ದೇಕೆ? ಮ್ಯಾರಿನರ್ಸ್ ತಂಡದ ಜೂಲಿಯೊ ರೋಡ್ರಿಗಸ್ 2022ರಲ್ಲಿ ಅಮೆರಿಕನ್ ಲೀಗ್‌ನ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಗಳಿಸಿದ್ದರು. ಆದರೆ ಪ್ರಶಸ್ತಿಯೊಂದೇ ಸಾಲದು ಎನ್ನುತ್ತದೆ ನಿಯಮ. ಋತು ಆರಂಭವಾಗುವ ಮುನ್ನವೇ, ಬೇಸ್‌ಬಾಲ್ ವರದಿಗಾರರು ಸಿದ್ಧಪಡಿಸುವ 'ಅಗ್ರ ನೂರು' ಭರವಸೆಯ ಆಟಗಾರರ ಪಟ್ಟಿಗಳಲ್ಲಿ ಅವರ ಹೆಸರಿರಬೇಕಾಗಿತ್ತು. ಹೆಸರಿತ್ತು, ಹಾಗಾಗಿ ತಂಡಕ್ಕೆ ಲಾಭವಾಯಿತು.

ಓದುಗರ ಕುತೂಹಲ ತಣಿಸಲೆಂದು ಆರಂಭವಾದ ಪಟ್ಟಿಯೊಂದು ಕೋಟ್ಯಂತರ ಡಾಲರ್ ವ್ಯವಹಾರದ ಕಾರ್ಮಿಕ ಒಪ್ಪಂದದಲ್ಲಿ ಷರತ್ತಾಗಿ ಸೇರಿಕೊಂಡ ಬಗೆ ವಿಚಿತ್ರವಾದದ್ದು. ಅದನ್ನು ಅರಿಯಬೇಕಾದರೆ ಮೈನರ್ ಲೀಗ್ ಎಂಬ ಗರಡಿಮನೆಯನ್ನು ಮೊದಲು ನೋಡಬೇಕು.

ಗೆಲುವು ಇಲ್ಲಿ ಎರಡನೆಯ ಮಾತು

ರಣಜಿ ಪಂದ್ಯದಲ್ಲಿ ಆಡುವ ನಮ್ಮ ಕ್ರಿಕೆಟಿಗ ತನ್ನ ರಾಜ್ಯವನ್ನು ಪ್ರತಿನಿಧಿಸುತ್ತಾನೆ, ಅಲ್ಲಿ ಗೆಲುವೇ ಗುರಿ. ಮೈನರ್ ಲೀಗ್ ಹಾಗಲ್ಲ. ಅಲ್ಲಿಯ ಆಟಗಾರ ಮೇಲಿನ ಮೇಜರ್ ಲೀಗ್ ತಂಡದ ನೌಕರ. ಪ್ರತಿ ಮೇಜರ್ ತಂಡಕ್ಕೂ ನಾಲ್ಕು ಹಂತಗಳಲ್ಲಿ ನಾಲ್ಕು ಅಧೀನ ತಂಡಗಳಿದ್ದು, ಒಟ್ಟು 120 ತಂಡಗಳು ಈ ವ್ಯವಸ್ಥೆಯಲ್ಲಿವೆ. 2021ರಲ್ಲಿ ಪುನರ್‌ರಚನೆಯಾಗುವ ಮುನ್ನ ಈ ಸಂಖ್ಯೆ ಸುಮಾರು 160 ಇತ್ತು. ಕೆಳಗಿನಿಂದ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬುದು ಏಣಿಯ ಕ್ರಮ. ಇದಕ್ಕೂ ಕೆಳಗೆ ಹೊಸಬರಿಗಾಗಿ ತರಬೇತಿ ಕೇಂದ್ರಗಳಲ್ಲಿ ನಡೆಯುವ ಲೀಗ್‌ಗಳಿವೆ. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮುಂತಾದ ದೇಶಗಳ ಬಾಲಕರು 16ರ ಹರೆಯದಲ್ಲೇ ಸಹಿ ಹಾಕಿ ಈ ಏಣಿಯ ಕೆಳಗಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ.

ಏಣಿಯ ತುದಿಗೂ ಬುಡಕ್ಕೂ ಇರುವ ಅಂತರವನ್ನು ಸಂಬಳವೇ ಹೇಳುತ್ತದೆ. 2022ರವರೆಗೆ ತೀರಾ ಕೆಳಹಂತದ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 4,800 ಡಾಲರ್, ಟ್ರಿಪಲ್-ಎ ಆಟಗಾರನದು 17,500 ಡಾಲರ್. ಕನಿಷ್ಠ ವೇತನ ಕಾಯ್ದೆ ತಮಗೂ ಅನ್ವಯಿಸಬೇಕೆಂದು ಮೈನರ್ ಲೀಗ್ ಆಟಗಾರರು 2014ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. 2022ರಲ್ಲಿ 18.5 ಕೋಟಿ ಡಾಲರ್ ಪರಿಹಾರಕ್ಕೆ ಲೀಗ್ ಒಪ್ಪಿತು. ಅದೇ ವರ್ಷ ಅವರು ಆಟಗಾರರ ಸಂಘದ ಸದಸ್ಯರಾದರು. 2023ರ ಒಪ್ಪಂದದಲ್ಲಿ ಈ ಮೊತ್ತಗಳು ಕ್ರಮವಾಗಿ 19,800 ಮತ್ತು 35,800 ಡಾಲರ್‌ಗಳಿಗೆ ಏರಿದವು. ಮೇಜರ್ ಲೀಗ್‌ನಲ್ಲಿ 2025ರ ಕನಿಷ್ಠ ಸಂಬಳವೇ 7.6 ಲಕ್ಷ ಡಾಲರ್! ನಡುವಿನ ಈ ಕಂದಕವನ್ನು ದಾಟುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಲು ಹೊರಡುವುದೇ ಪಟ್ಟಿ.

ಇಪ್ಪತ್ತರಿಂದ ಎಂಬತ್ತು

ಅಲನ್ ಸಿಂಪ್ಸನ್ ಎಂಬ ಪತ್ರಕರ್ತ 1981ರಲ್ಲಿ ಕೆನಡಾದಲ್ಲಿ ಆರಂಭಿಸಿದ 'ಬೇಸ್‌ಬಾಲ್ ಅಮೆರಿಕ' ಪತ್ರಿಕೆ, ಮುಂದೆ ಉತ್ತರ ಕ್ಯಾರೊಲಿನಾಗೆ ಸ್ಥಳಾಂತರಗೊಂಡು, 1990ರಲ್ಲಿ ಮೊದಲ ಅಗ್ರ ನೂರರ ಪಟ್ಟಿಯನ್ನು ಪ್ರಕಟಿಸಿತು. ಅಂದು ಪ್ರಥಮ ಸ್ಥಾನ ಪಡೆದವರು ಅಟ್ಲಾಂಟಾದ ಪಿಚರ್ ಸ್ಟೀವ್ ಏವರಿ. ಇಂದು ಇಎಸ್‌ಪಿಎನ್, ಲೀಗ್‌ನ ಸ್ವಂತ ಜಾಲತಾಣವಾದ ಎಂಎಲ್‌ಬಿ ಡಾಟ್ ಕಾಮ್, ಬೇಸ್‌ಬಾಲ್ ಪ್ರಾಸ್ಪೆಕ್ಟಸ್, ಫ್ಯಾನ್‌ಗ್ರಾಫ್ಸ್ ಮೊದಲಾದವು ಸ್ವಂತ ಪಟ್ಟಿಗಳನ್ನು ಹೊರತರುತ್ತವೆ. ಮೇಜರ್ ಲೀಗ್‌ನಲ್ಲಿ ಬ್ಯಾಟರ್ ಆಗಿ 130 ಎಸೆತ-ಸರದಿ, ಪಿಚರ್ ಆಗಿ 50 ಇನಿಂಗ್ಸ್ ದಾಟಿದವನನ್ನು ಸಾಮಾನ್ಯವಾಗಿ ಪಟ್ಟಿಗೆ ಪರಿಗಣಿಸುವುದಿಲ್ಲ.

ಪಟ್ಟಿ ತಯಾರಿಸುವವರು ಎಲ್ಲ ಪಂದ್ಯಗಳನ್ನೂ ತಾವೇ ನೋಡುತ್ತಾರೆಂದು ಭಾವಿಸಬಾರದು. ಅದು ಮನುಷ್ಯಮಾತ್ರರಿಂದ ಆಗದ ಕೆಲಸ. ತಂಡಗಳ ಪರವಾಗಿ ಊರೂರು ಅಲೆಯುವ ಸ್ಕೌಟ್‌ಗಳು, ತರಬೇತಿ ವಿಭಾಗದ ಮುಖ್ಯಸ್ಥರು, ಎದುರಾಳಿ ತಂಡದ ಕೋಚ್‌ಗಳು, ಇವರೆಲ್ಲರಿಗೆ ದೂರವಾಣಿ ಕರೆ ಮಾಡಿ ಅಭಿಪ್ರಾಯ ಸಂಗ್ರಹಿಸುವುದೇ ಕೆಲಸದ ಬಹುಭಾಗ. ಪ್ರತಿ ತಂಡವೂ ತನ್ನ ಹುಡುಗನನ್ನು ಹೊಗಳುವುದು ಸಹಜವಾದ್ದರಿಂದ ಎದುರಾಳಿಗಳ ಮಾತಿಗೆ ಹೆಚ್ಚು ಬೆಲೆ. ವರದಿಗಾರಿಕೆಯಲ್ಲಿ ಕೆಲವು ವರ್ಷ ಕಳೆದ ಯಾರಿಗೂ ಈ ಲೆಕ್ಕಾಚಾರ ಹೊಸದೇನಲ್ಲ.

ಹೀಗೆ ಸಂಗ್ರಹವಾದ ಅಭಿಪ್ರಾಯಗಳನ್ನು ಅಳೆಯಲು ಸ್ಕೌಟ್‌ಗಳದೇ ಆದ ಮಾನದಂಡವೊಂದಿದೆ: 20ರಿಂದ 80ರವರೆಗಿನ ಅಂಕ. ಇಲ್ಲಿ ಸೊನ್ನೆಯೂ ಇಲ್ಲ, ನೂರೂ ಇಲ್ಲ. 50 ಎಂದರೆ ಮೇಜರ್ ಲೀಗ್‌ನ ಸರಾಸರಿ ಆಟಗಾರನ ಮಟ್ಟ. 60 ಎಂದರೆ ಸ್ಪಷ್ಟವಾಗಿ ಮೇಲು, 80 ಎಂದರೆ ತಲೆಮಾರಿಗೆ ಕೆಲವರಿಗಷ್ಟೇ ಒಲಿಯುವಂಥದ್ದು. ಬ್ಯಾಟರ್‌ನನ್ನು ಐದು ವಿಷಯಗಳಲ್ಲಿ ಪರೀಕ್ಷಿಸಲಾಗುತ್ತದೆ: ಚೆಂಡನ್ನು ಹೊಡೆಯುವ ನೈಪುಣ್ಯ, ದೂರ ಕಳಿಸುವ ಬಲ, ಓಟ, ಕ್ಷೇತ್ರರಕ್ಷಣೆ, ಎಸೆತ. ಬಲಗೈ ಬ್ಯಾಟರ್ ಚೆಂಡನ್ನು ಹೊಡೆದು ಮೊದಲ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡ್ ತೆಗೆದುಕೊಂಡರೆ ಅವನ ಓಟಕ್ಕೆ 50 ಅಂಕ. ಓಟವನ್ನು ಗಡಿಯಾರ ಅಳೆಯುತ್ತದೆ, ಎಸೆತದ ವೇಗವನ್ನು ರಾಡಾರ್ ಗನ್ ಅಳೆಯುತ್ತದೆ. ಹೊಡೆಯುವ ನೈಪುಣ್ಯವನ್ನು ಅಳೆಯುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ.

ಪ್ರತಿ ಗುಣಕ್ಕೂ ಎರಡು ಅಂಕಗಳಿರುತ್ತವೆ: ಇಂದಿನದು ಮತ್ತು ಮುಂದಿನದು. 30/60 ಎಂದು ಬರೆದರೆ, ಇಂದು ಈ ಹುಡುಗ ಬಹಳ ಹಿಂದಿದ್ದಾನೆ, ಬೆಳೆದರೆ ಉತ್ತಮನಾಗುತ್ತಾನೆ ಎಂದರ್ಥ. ಇಡೀ ಪಟ್ಟಿ ನಿಂತಿರುವುದು ಈ ಎರಡು ಅಂಕೆಗಳ ನಡುವಿನ ಓರೆಗೆರೆಯ ಮೇಲೆ. ಅಂಕಿ-ಅಂಶಗಳನ್ನೂ ವಯಸ್ಸಿನ ಜತೆಗಿಟ್ಟೇ ಓದಬೇಕು. ಡಬಲ್-ಎ ಹಂತದಲ್ಲಿ 24ರ ಯುವಕ ಗಳಿಸಿದ ಒಳ್ಳೆಯ ಸರಾಸರಿಗಿಂತ, ಅಲ್ಲಿಯೇ 19ರ ಹುಡುಗ ಗಳಿಸಿದ ಸಾಧಾರಣ ಸರಾಸರಿ ಹೆಚ್ಚಿನದನ್ನು ಸೂಚಿಸುತ್ತದೆ.

ಪಟ್ಟಿ ಎಡವಿದಾಗ

ಬ್ರಿಯನ್ ಟೇಲರ್ 1992ರ ಪಟ್ಟಿಯ ಮೊದಲಿಗ. ಹಿಂದಿನ ವರ್ಷ ನ್ಯೂಯಾರ್ಕ್ ಯಾಂಕೀಸ್ ಅವರಿಗೆ 15.5 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತ್ತು. 1993ರ ಡಿಸೆಂಬರ್‌ನಲ್ಲಿ ಹೊಡೆದಾಟವೊಂದರಲ್ಲಿ ಈ ಪಿಚರ್‌ನ ಭುಜಕ್ಕೆ ಪೆಟ್ಟಾಯಿತು. ಮೇಜರ್ ಲೀಗ್‌ನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. 2000ದ ಮೊದಲಿಗ ರಿಕ್ ಆಂಕೀಲ್ ಅದೇ ಅಕ್ಟೋಬರ್ 3ರ ಪ್ಲೇಆಫ್ ಪಂದ್ಯದಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ಬಾರಿ ದಿಕ್ಕುತಪ್ಪಿದ ಎಸೆತಗಳನ್ನು ಎಸೆದರು. ತೋಳಿಗೆ ಏನೂ ಆಗಿರಲಿಲ್ಲ, ಆದರೆ ಹಿಡಿತ ಮತ್ತೆ ಸಿಗಲೇ ಇಲ್ಲ. ಏಳು ವರ್ಷಗಳ ನಂತರ ಅವರು ಬ್ಯಾಟರ್ ಆಗಿ ಮೇಜರ್ ಲೀಗ್‌ಗೆ ಮರಳಿದರೆಂಬುದು ಬೇರೆಯೇ ಕತೆ.

2001ರ ಮೊದಲಿಗ ಜೋಶ್ ಹ್ಯಾಮಿಲ್ಟನ್ ಮಾದಕ ವಸ್ತುಗಳ ದಾಸರಾಗಿ ನಿಷೇಧಕ್ಕೊಳಗಾದರು. ಎಲ್ಲರೂ ಕೈಬಿಟ್ಟ ಮೇಲೆ 2007ರಲ್ಲಿ ಸಿನ್ಸಿನಾಟಿ ತಂಡದ ಪರ ಆಡಿ, 2010ರಲ್ಲಿ ಟೆಕ್ಸಾಸ್ ಪರ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿಕೊಂಡರು. ಪಟ್ಟಿಯವರು ಹೇಳಿದ್ದು ಸುಳ್ಳಾಯಿತೇ, ನಿಜವಾಯಿತೇ? ಅವರ ಪ್ರತಿಭೆಯ ಅಳತೆ ಸರಿಯಾಗಿತ್ತು. ಬದುಕಿನ ಅಳತೆಗೆ ಅಂಕವಿರಲಿಲ್ಲ.

ಇವು ಅಪವಾದಗಳೆಂದು ತಳ್ಳಿಹಾಕುವಂತಿಲ್ಲ. 1990ರಿಂದ 2003ರವರೆಗಿನ ಬೇಸ್‌ಬಾಲ್ ಅಮೆರಿಕ ಪಟ್ಟಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪಟ್ಟಿಯಲ್ಲಿದ್ದವರ ಪೈಕಿ ಶೇ. 70ರಷ್ಟು ಮಂದಿ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಪಿಚರ್‌ಗಳ ಸ್ಥಿತಿಯಂತೂ ಬ್ಯಾಟರ್‌ಗಳಿಗಿಂತ ಕಷ್ಟ. ಮೊಣಕೈ, ಭುಜಗಳ ಅಸ್ಥಿರಜ್ಜುಗಳು ಪಟ್ಟಿಯನ್ನು ಓದುವುದಿಲ್ಲವಷ್ಟೇ.

ಇನ್ನು ಪಟ್ಟಿಯ ಕಣ್ಣಿಗೆ ಬೀಳದವರು. ವೆನೆಜುವೆಲಾದ ಹೋಸೆ ಆಲ್ಟುವೆ ಐದೂವರೆ ಅಡಿ ಎತ್ತರದ ಹುಡುಗ. ಕುಳ್ಳನೆಂದು ಹೂಸ್ಟನ್ ತಂಡದ ಆಯ್ಕೆ ಶಿಬಿರದಿಂದ ಮನೆಗೆ ಕಳಿಸಲ್ಪಟ್ಟು, ಮರುದಿನ ಮತ್ತೆ ಬಂದು, 2007ರಲ್ಲಿ 15,000 ಡಾಲರ್‌ಗೆ ಸಹಿ ಹಾಕಿದರು. ಬೇಸ್‌ಬಾಲ್ ಅಮೆರಿಕದ ಅಗ್ರ ನೂರರಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. 2017ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಅವರೇ!

171 ದಿನಗಳ ಕತೆ

ಪಟ್ಟಿ ಒಪ್ಪಂದದೊಳಗೆ ಬಂದದ್ದಕ್ಕೆ ಕಾರಣ 2015ರ ಮೊದಲಿಗ, ಷಿಕಾಗೊ ಕಬ್ಸ್ ತಂಡದ ಕ್ರಿಸ್ ಬ್ರಯಂಟ್ ಪ್ರಕರಣದಂಥವು. ಆ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಅವರು ಒಂಬತ್ತು ಹೋಮ್ ರನ್ ಬಾರಿಸಿದ್ದರು. ಆದರೂ ತಂಡ ಅವರನ್ನು ಟ್ರಿಪಲ್-ಎ ಹಂತಕ್ಕೆ ಕಳಿಸಿತು. ಕ್ಷೇತ್ರರಕ್ಷಣೆ ಸುಧಾರಿಸಬೇಕೆಂಬ ಕಾರಣ ನೀಡಲಾಯಿತು. ಏಪ್ರಿಲ್ 17ರಂದು ಕರೆಸಿಕೊಳ್ಳಲಾಯಿತು. ಅಷ್ಟರಲ್ಲಿ ಕ್ಷೇತ್ರರಕ್ಷಣೆ ಎಷ್ಟು ಸುಧಾರಿಸಿತೋ ತಿಳಿಯದು, ದಿನಗಳ ಲೆಕ್ಕ ಮಾತ್ರ ಸರಿಹೋಗಿತ್ತು.

ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಆರು ವರ್ಷ ಪೂರೈಸಿದವನು ಸ್ವತಂತ್ರನಾಗಿ, ಹೆಚ್ಚು ಹಣ ಕೊಡುವ ತಂಡವನ್ನು ಸೇರಬಹುದು. ಆ ವರ್ಷ ಬ್ರಯಂಟ್ ಲೆಕ್ಕಕ್ಕೆ ಜಮೆಯಾದದ್ದು 171 ದಿನ. ಒಂದೇ ಒಂದು ದಿನದ ಕೊರತೆಯಿಂದ ಅವರು ಇನ್ನೂ ಒಂದು ವರ್ಷ ಕಬ್ಸ್‌ನ ಹಿಡಿತದಲ್ಲಿ ಉಳಿಯಬೇಕಾಯಿತು. ಅವರು ಸಲ್ಲಿಸಿದ್ದ ದೂರನ್ನು ಮಧ್ಯಸ್ಥಗಾರರು 2020ರಲ್ಲಿ ತಿರಸ್ಕರಿಸಿದರು. ನಿಯಮದ ಅಕ್ಷರ ತಂಡದ ಪರವಾಗಿತ್ತು.

2022ರ ಮಾರ್ಚ್‌ನಲ್ಲಿ ಆಟಗಾರರ ಸಂಘ ಮತ್ತು ತಂಡಗಳ ಮಾಲೀಕರ ನಡುವೆ ಆದ ಒಪ್ಪಂದ ಇದಕ್ಕೆ ಮದ್ದು ಹುಡುಕಿತು. ಭರವಸೆಯ ಹೊಸ ಆಟಗಾರನನ್ನು ಋತುವಿನ ಆರಂಭದಿಂದಲೇ ಆಡಿಸಿ, ಪೂರ್ಣ ವರ್ಷದ ಸೇವೆ ಕೊಟ್ಟರೆ, ಆತ ವರ್ಷದ ಶ್ರೇಷ್ಠ ಹೊಸಬನಾದರೆ ಅಥವಾ ಸಂಬಳದ ಮಧ್ಯಸ್ಥಿಕೆಗೆ ಅರ್ಹನಾಗುವ ಮುನ್ನ ಅತ್ಯಮೂಲ್ಯ ಆಟಗಾರ ಇಲ್ಲವೇ ಶ್ರೇಷ್ಠ ಪಿಚರ್ ಪ್ರಶಸ್ತಿಯ ಮತದಾನದಲ್ಲಿ ಮೊದಲ ಮೂವರೊಳಗೆ ಬಂದರೆ, ತಂಡಕ್ಕೆ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಅವಕಾಶ. ಆದರೆ 'ಭರವಸೆಯ' ಎಂದರೆ ಯಾರು? ಬೇಸ್‌ಬಾಲ್ ಅಮೆರಿಕ, ಇಎಸ್‌ಪಿಎನ್, ಎಂಎಲ್‌ಬಿ ಡಾಟ್ ಕಾಮ್, ಈ ಮೂರರ ಪೈಕಿ ಕನಿಷ್ಠ ಎರಡು ಪಟ್ಟಿಗಳ ಅಗ್ರ ನೂರರಲ್ಲಿ ಹೆಸರಿರುವವರು ಎಂದು ಇತ್ಯರ್ಥವಾಯಿತು. ಸಿಯಾಟಲ್ ನಂತರ ಅರಿಜೋನ, ಬಾಲ್ಟಿಮೋರ್, ಕಾನ್ಸಾಸ್ ಸಿಟಿ ತಂಡಗಳೂ ಇದರ ಫಲ ಉಂಡಿವೆ.

ಮದ್ದು ಕೆಲಮಟ್ಟಿಗೆ ಕೆಲಸ ಮಾಡಿದೆ ಎನ್ನಬೇಕು. ಆದರೆ ಈ ಬರಹಗಾರನಿಗೆ ಕಾಡುವ ಪ್ರಶ್ನೆ ಬೇರೆ. 100ನೆಯ ಸ್ಥಾನಕ್ಕೂ 101ಕ್ಕೂ ಪಟ್ಟಿ ಮಾಡುವವನ ಮನಸ್ಸಿನಲ್ಲಿ ವ್ಯತ್ಯಾಸವೇ ಇರುವುದಿಲ್ಲ; ಒಪ್ಪಂದದಲ್ಲಿ ಮಾತ್ರ ಅದೊಂದು ಗೋಡೆ. 101ನೆಯವನನ್ನು ಏಪ್ರಿಲ್ ಮಧ್ಯದವರೆಗೆ ಕೆಳಗೇ ಇರಿಸಿಕೊಂಡರೆ ತಂಡ ಕಳೆದುಕೊಳ್ಳುವ ಬಹುಮಾನ ಯಾವುದೂ ಇಲ್ಲ. ಮೂರರಲ್ಲಿ ಒಂದು ಪಟ್ಟಿ ಲೀಗ್‌ನ ಸ್ವಂತ ಜಾಲತಾಣದ್ದು, ಎಂದರೆ ಮಾಲೀಕರದ್ದೇ. ಅಲ್ಲಿಯ ವರದಿಗಾರರ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಆದರೆ ಸುದ್ದಿ ಬರೆಯುವವನ ಅಭಿಪ್ರಾಯವೇ ಸುದ್ದಿಯ ಫಲಿತಾಂಶವನ್ನು ನಿರ್ಧರಿಸುವ ಸ್ಥಿತಿ ಯಾವ ಪತ್ರಕರ್ತನಿಗೂ ನೆಮ್ಮದಿ ತರುವಂಥದ್ದಲ್ಲ.

ಪಟ್ಟಿಯ ಚಂಚಲತೆಯಾದರೂ ಎಷ್ಟು! 2023ರ ಡ್ರಾಫ್ಟ್‌ನಲ್ಲಿ 132ನೆಯವರಾಗಿ ಬಾಸ್ಟನ್ ರೆಡ್ ಸಾಕ್ಸ್ ಸೇರಿದ ಕ್ರಿಸ್ಟಿಯನ್ ಕ್ಯಾಂಪ್‌ಬೆಲ್ 2024ರ ಆರಂಭದಲ್ಲಿ ಯಾವ ಅಗ್ರ ನೂರರಲ್ಲೂ ಇರಲಿಲ್ಲ. ವರ್ಷಾಂತ್ಯಕ್ಕೆ ಬೇಸ್‌ಬಾಲ್ ಅಮೆರಿಕ ಅವರನ್ನು ಮೈನರ್ ಲೀಗ್‌ನ ವರ್ಷದ ಆಟಗಾರರೆಂದು ಘೋಷಿಸಿತು. 2025ರ ಏಪ್ರಿಲ್‌ನಲ್ಲಿ ಆರು ಕೋಟಿ ಡಾಲರ್‌ಗಳ ಎಂಟು ವರ್ಷದ ಒಪ್ಪಂದ. ಜೂನ್‌ನಲ್ಲಿ ಮತ್ತೆ ಟ್ರಿಪಲ್-ಎ.

ಭಾರತದ ನಂಟು

2008ರಲ್ಲಿ ದೂರದರ್ಶನ ಸ್ಪರ್ಧೆಯೊಂದರ ಮೂಲಕ ಬೆಳಕಿಗೆ ಬಂದ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್‌ನೊಂದಿಗೆ ಸಹಿ ಹಾಕಿದ್ದು ಓದುಗರಿಗೆ ನೆನಪಿರಬಹುದು. 2014ರಲ್ಲಿ ಅವರ ಕತೆ ಹಾಲಿವುಡ್ ಚಿತ್ರವೂ ಆಯಿತು. ಇಬ್ಬರೂ ಕೆಳಹಂತಗಳನ್ನು ದಾಟಲಿಲ್ಲ.

ಅಲ್ಲಿಯೇ ಬೆಳೆದ ಭಾರತೀಯ ಮೂಲದವರ ಕತೆ ಬೇರೆ. ಪಿಚರ್ ಕುಮಾರ್ ರಾಕರ್ ಅವರ ತಾಯಿ ಭಾರತೀಯ ಮೂಲದವರು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರನ್ನು 10ನೆಯವರಾಗಿ ಆರಿಸಿ, ವೈದ್ಯಕೀಯ ಪರೀಕ್ಷೆಯ ನಂತರ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಮರುವರ್ಷ ಟೆಕ್ಸಾಸ್ ರೇಂಜರ್ಸ್ 3ನೆಯವರಾಗಿ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ, 2024ರ ಸೆಪ್ಟೆಂಬರ್‌ನಲ್ಲಿ ಅವರು ಮೇಜರ್ ಲೀಗ್‌ಗೆ ಪದಾರ್ಪಣ ಮಾಡಿದರು. ಫ್ಲಾರಿಡಾದ ಅರ್ಜುನ್ ನಿಮ್ಮಲ ಅವರ ತಂದೆ-ತಾಯಿ ಆಂಧ್ರದಿಂದ ವಲಸೆ ಹೋದವರು. ಎಳವೆಯಲ್ಲಿ ಅವರು ಆಡಿದ ಆಟಗಳಲ್ಲಿ ಕ್ರಿಕೆಟ್ ಕೂಡ ಒಂದು. 2023ರಲ್ಲಿ 17ರ ಹರೆಯದಲ್ಲಿ ಟೊರಾಂಟೊ ಬ್ಲೂ ಜೇಸ್ ಅವರನ್ನು 20ನೆಯವರಾಗಿ ಆರಿಸಿತು. 2024ರ ಆರಂಭದಲ್ಲಿ ಬ್ಯಾಟಿಂಗ್ ಕೈಕೊಟ್ಟಾಗ ತಂಡ ಅವರನ್ನು ಕೆಲವು ವಾರ ಪಂದ್ಯಗಳಿಂದ ಹಿಂದಕ್ಕೆ ಕರೆಸಿ ತರಬೇತಿ ನೀಡಿತು. ಮರಳಿ ಬಂದ ಮೇಲೆ ಹೋಮ್ ರನ್‌ಗಳು ಬರತೊಡಗಿದವು, ಪಟ್ಟಿ ಮಾಡುವವರ ಕಣ್ಣು ಮತ್ತೆ ಅವರತ್ತ ತಿರುಗಿತು.

ಅದಿರಲಿ, ಸಿಯಾಟಲ್‌ಗೆ ಪಟ್ಟಿಯ ದೆಸೆಯಿಂದ ದಕ್ಕಿದ ಜಾನಿ ಫಾರ್ಮೆಲೊ ಏನಾದರು? 2024ರಲ್ಲಿ ಸಿಂಗಲ್-ಎ ಹಂತದಲ್ಲಿ ಚೆನ್ನಾಗಿಯೇ ಆಡುತ್ತಿದ್ದ ಅವರ ಮೊಣಕಾಲಿನ ಅಸ್ಥಿರಜ್ಜು ಜೂನ್‌ನಲ್ಲಿ ಹರಿಯಿತು. ಉಳಿದ ಋತು ಶಸ್ತ್ರಚಿಕಿತ್ಸೆ, ವಿಶ್ರಾಂತಿಗಳಲ್ಲಿ ಕಳೆಯಿತು. ಆದರೂ 2025ರ ಋತು ಆರಂಭವಾಗುವ ಮುನ್ನ ಪ್ರಕಟವಾದ ಅಗ್ರ ನೂರರ ಪಟ್ಟಿಯಲ್ಲಿ ಅವರ ಹೆಸರಿತ್ತು.