ಇ-ಇನ್‌ವಾಯ್ಸ್ ತಂತ್ರಾಂಶ ಮತ್ತು ಅಣಕು ಸರ್ವರ್

2017-18ರಿಂದೀಚೆಗೆ ಯಾವುದೇ ಆರ್ಥಿಕ ವರ್ಷದಲ್ಲಿ 5 ಕೋಟಿ ರೂಪಾಯಿ ಮೀರಿ ವಹಿವಾಟು ನಡೆಸಿದ ವರ್ತಕರು, ವಿನಾಯಿತಿ ಪಡೆದ ಕೆಲವು ವರ್ಗಗಳನ್ನು ಬಿಟ್ಟರೆ, ನೋಂದಾಯಿತ ಖರೀದಿದಾರರಿಗೆ ನೀಡುವ ಬಿಲ್ಲುಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಪಡೆಯಬೇಕಾಗಿದೆ. ಬಿಲ್ಲಿನ ವಿವರವು ನೋಂದಣಿ ಪೋರ್ಟಲಿಗೆ ಹೋಗಿ, 64 ಅಕ್ಷರಗಳ ಐಆರ್‌ಎನ್ ಮತ್ತು ಸಹಿಯುಳ್ಳ ಕ್ಯೂಆರ್ ಕೋಡ್ ಮರಳಿ ಬಾರದಿದ್ದರೆ ಅದು ಕಾನೂನಿನ ದೃಷ್ಟಿಯಲ್ಲಿ ಬಿಲ್ಲೇ ಅಲ್ಲ.

"ಎಲ್ಲ ಪರೀಕ್ಷಿಸಿದ್ದೇವೆ" ಎಂದು ತಂತ್ರಾಂಶದವರು ಹೇಳುವುದುಂಟು. ಸಾಮಾನ್ಯವಾಗಿ ಅವರು ಪರೀಕ್ಷಿಸಿರುವುದು ಪೋರ್ಟಲಿನವರೇ ಒದಗಿಸಿರುವ ಪ್ರಾಯೋಗಿಕ ತಾಣದಲ್ಲಿ. ಅದು ಅಗತ್ಯವೇ. ಆದರೆ ನಮಗೆ ಬೇಕೆಂದಾಗ ಅದು ಕೆಡುವುದಿಲ್ಲ. ನಿಜವಾದ ಪೋರ್ಟಲಾದರೋ ನಮಗೆ ಬೇಡವಾದಾಗಲೇ ಕೆಡುತ್ತದೆ.

ಈ ಕೊರತೆಯನ್ನು ತುಂಬುವುದೇ ಅಣಕು ಸರ್ವರ್. ಇದು ತಂತ್ರಾಂಶ ತಯಾರಕರ ಗಣಕಯಂತ್ರದಲ್ಲಿಯೇ 127.0.0.1 ಎಂಬ ಒಳವಿಳಾಸದಲ್ಲಿ ಕುಳಿತು, ಪೋರ್ಟಲಿನ ವೇಷ ಧರಿಸಿ, ಮೊದಲೇ ಬರೆದಿಟ್ಟ ಉತ್ತರಗಳನ್ನು ಕೊಡುವ ಪುಟ್ಟ ಕಾರ್ಯಕ್ರಮ. ವೈರ್‌ಮಾಕ್‌ನಂತಹ ಸಿದ್ಧ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಇಂಥ ಕೋರಿಕೆಗೆ ಐಆರ್‌ಎನ್ ಕೊಡು, ಇಂಥದಕ್ಕೆ 503 ಎಂದು ಬಾಗಿಲು ಮುಚ್ಚು, ಇನ್ನೊಂದಕ್ಕೆ ಅರ್ಧ ನಿಮಿಷ ತಡಮಾಡು ಎಂದು ಅದಕ್ಕೆ ಹೇಳಿಡಬಹುದು. ತನಗೆ ಬಂದ ಕೋರಿಕೆಗಳೆಷ್ಟು, ಅವುಗಳಲ್ಲಿ ಏನಿತ್ತು ಎಂಬುದನ್ನೂ ಅದು ದಾಖಲಿಸುತ್ತದೆ. ಲೆಕ್ಕಪರಿಶೋಧಕನ ಕಣ್ಣಿಗೆ ಈ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದು.

ಕಾರಣವಿಷ್ಟೆ. ಬಿಲ್ಲು ಪೋರ್ಟಲನ್ನು ತಲುಪಿತು, ಐಆರ್‌ಎನ್ ಹುಟ್ಟಿತು, ಆದರೆ ಉತ್ತರ ದಾರಿಯಲ್ಲಿ ಕಳೆದುಹೋಯಿತು ಎನ್ನೋಣ. ಲಾರಿ ಗೇಟಿನಲ್ಲಿ ನಿಂತಿದೆ. ತಂತ್ರಾಂಶ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ ಪೋರ್ಟಲು 2150 ಎಂಬ ದೋಷಸಂಖ್ಯೆಯೊಡನೆ "ಈಗಾಗಲೇ ಆಗಿದೆ" ಎನ್ನುತ್ತದೆ. ಹಳೆಯ ಐಆರ್‌ಎನ್ ಅನ್ನೂ ತಿಳಿಸುತ್ತದೆ. ಸರಿಯಾದ ತಂತ್ರಾಂಶವು ಅದನ್ನು ಸ್ವೀಕರಿಸಿ ವಿವರಗಳನ್ನು ತರಿಸಿಕೊಳ್ಳಬೇಕು. ಅದನ್ನು ಬಿಟ್ಟು ಹೊಸ ಬಿಲ್ ಸಂಖ್ಯೆ ಹಾಕಿ ಕಳುಹಿಸಿದರೆ, ಐಆರ್‌ಎನ್ ಹುಟ್ಟುವುದೇ ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆಗಳಿಂದಾದ್ದರಿಂದ, ಪೋರ್ಟಲು ಅದನ್ನು ಬೇರೆ ಮಾರಾಟವೆಂದೇ ಬಗೆಯುತ್ತದೆ. ಒಂದೇ ಸರಕಿನ ತೆರಿಗೆ ಜಿಎಸ್‌ಟಿಆರ್-1ರಲ್ಲಿ ಎರಡು ಸಲ ಕುಳಿತುಕೊಳ್ಳುತ್ತದೆ. ರದ್ದತಿಗೆ ಇರುವುದು 24 ಗಂಟೆ ಮಾತ್ರ. ಆಮೇಲೆ ಕ್ರೆಡಿಟ್ ನೋಟಿನ ದಾರಿಯೇ ಗತಿ.

ಈ ಒಂದು ಸನ್ನಿವೇಶವನ್ನು ಅಣಕು ಸರ್ವರಿನಲ್ಲಿ ಪ್ರತಿ ಹೊಸ ಆವೃತ್ತಿಗೂ ತಾನೇತಾನಾಗಿ ಓಡಿಸಬಹುದು: ಮೊದಲ ಕೋರಿಕೆಗೆ ಮೌನ, ಎರಡನೆಯದಕ್ಕೆ 2150. ಎರಡರಲ್ಲೂ ಬಿಲ್ ಸಂಖ್ಯೆ ಒಂದೇ ಇತ್ತೆ ಎಂದು ದಾಖಲೆಯಲ್ಲಿ ನೋಡಿದರೆ ಸಾಕು.

ಹಾಗೆಂದು ಅಣಕನ್ನೇ ನಂಬಿ ಕೂರುವಂತಿಲ್ಲ. ಪೋರ್ಟಲಿನ ನಿಯಮ ಬದಲಾದರೂ ಅಣಕು ಸರ್ವರ್ ಹಳೆಯ ಉತ್ತರವನ್ನೇ ಒಪ್ಪಿಸುತ್ತದೆ. 10 ಕೋಟಿ ಮತ್ತು ಮೇಲ್ಪಟ್ಟ ವಹಿವಾಟಿನವರಿಗೆ 2025ರ ಏಪ್ರಿಲ್ 1ರಿಂದ ಬಂದ 30 ದಿನಗಳ ಗಡುವನ್ನು ಅದಕ್ಕೆ ಯಾರೂ ಕಲಿಸದಿದ್ದರೆ 40 ದಿನದ ಹಳೆಯ ಬಿಲ್ಲಿಗೂ ಅದು ಐಆರ್‌ಎನ್ ಕೊಟ್ಟೀತು. ಆದುದರಿಂದ ಪ್ರಾಯೋಗಿಕ ತಾಣದ ಪರೀಕ್ಷೆಯೂ ಆಗಾಗ ನಡೆಯುತ್ತಿರಬೇಕು. ಗ್ರಾಹಕರ ನಿಜವಾದ ಬಿಲ್ಲುಗಳನ್ನು ಮಾದರಿಗೆ ಬಳಸಗೊಡಬಾರದು.

ಪೋರ್ಟಲಿನ ವಿಳಾಸವು ತಂತ್ರಾಂಶದ ಒಳಗೆ ಹೂತಿರದೆ ಪ್ರತ್ಯೇಕ ಸಂಯೋಜನಾ ಕಡತದಲ್ಲಿರಲಿ. ಅಣಕಿನಿಂದ ನಿಜಕ್ಕೆ ಬದಲಿಸುವುದು ಅಲ್ಲಿಯೇ. ಬದಲಿಸಲು ಮರೆತರೆ ಬಿಲ್ಲಿನ ಮೇಲೆ ಚೆಂದದ, ಆದರೆ ಸುಳ್ಳು ಕ್ಯೂಆರ್ ಕೋಡ್ ಅಚ್ಚಾಗುತ್ತದೆ. ಹೊಸ ಆವೃತ್ತಿ ಜಾರಿಯಾದ ದಿನ ಮೊದಲ ಬಿಲ್ಲಿನ ಕೋಡನ್ನು ಅಧಿಕೃತ ಪರಿಶೀಲನಾ ಆ್ಯಪ್‌ನಲ್ಲಿ ಓದಿಸಿ ನೋಡಿದ ನಂತರವೇ ಲಾರಿ ಹೊರಡಲಿ.