ಬರುತ್ತೆ ಸರಿ, ಎಷ್ಟು ಬರುತ್ತೆ?

ಆಫರ್ ಲೆಟರ್‌ನಲ್ಲಿ ‘ಸಿಸ್ಟಮ್ಸ್ ಎಂಜಿನಿಯರ್’ ಅಂತ ಇದ್ದರೆ ಮನೆಯಲ್ಲೆಲ್ಲ ಖುಷಿ. ಆದರೆ ಆ ಎಂಜಿನಿಯರಿಗೆ ಏನು ಬರಬೇಕು, ಎಷ್ಟು ಬರಬೇಕು ಅಂತ ಕೇಳಿದರೆ ನಾವು ತಡವರಿಸುತ್ತೇವೆ. ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ!

ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು 1982ರಿಂದ ನೋಡಿಕೊಳ್ಳುತ್ತಿರುವುದು ಈ ಕೇಂದ್ರ. ಆರಂಭ ಸುಲಭದ್ದಾಗಿರಲಿಲ್ಲ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ದಿಕ್ಕು ಸರಿಪಡಿಸಿಕೊಳ್ಳುವ ಇಂಧನ ಮುಗಿದು ಸೆಪ್ಟೆಂಬರ್‌ನಲ್ಲೇ ನಿಂತಿತು. ಮರುವರ್ಷ ಆಗಸ್ಟ್‌ನಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಹಾಸನದವರೂ ಉಪಗ್ರಹ ತಯಾರಿಸಿದ ಫೋರ್ಡ್ ಕಂಪನಿಯವರೂ ಸೇರಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಚ್ಚಿಸಿದರು.

ಇಂಥ ತೊಂದರೆ ಒಂದು ಬ್ರಾಂಚಿನದ್ದಲ್ಲ. ಫಲಕ ಬಿಚ್ಚದಿದ್ದರೆ ಕರೆಂಟ್ ಸಾಲದು. ಉಪಗ್ರಹವನ್ನು ಬಿಸಿಲಿಗೆ ತಿರುಗಿಸಿದರೆ ಅದರ ತಾಪ ಬದಲಾಗುತ್ತದೆ, ತಿರುಗಿಸೋಕೆ ಇಂಧನ ಖರ್ಚಾಗುತ್ತದೆ. ಕೆಳಗೆ ದೂರದರ್ಶನ, ಹವಾಮಾನ ಇಲಾಖೆ ಕಾಯುತ್ತಿರುತ್ತವೆ. ಇದೆಲ್ಲವನ್ನೂ ಒಟ್ಟಿಗೆ ಹಿಡಿದು ತೂಗುವುದೇ ಸಿಸ್ಟಮ್ಸ್ ಎಂಜಿನಿಯರಿಂಗ್.

ಈ ವಿದ್ಯೆಯ ಅಂತರರಾಷ್ಟ್ರೀಯ ಮಂಡಳಿ ಇನ್‌ಕೋಸಿ, 2018ರ ತನ್ನ ಚೌಕಟ್ಟಿನಲ್ಲಿ 36 ಸಾಮರ್ಥ್ಯಗಳನ್ನು ಪಟ್ಟಿ ಮಾಡಿದೆ. ಅಗತ್ಯಗಳನ್ನು ಬರೆಯುವುದು, ಬಿಡಿಭಾಗಗಳನ್ನು ಜೋಡಿಸುವುದು, ಅಪಾಯ ಅಂದಾಜಿಸುವುದು, ಮಾತುಕತೆ ಎಲ್ಲವೂ ಅದರಲ್ಲಿವೆ. ಪ್ರತಿಯೊಂದಕ್ಕೂ ಐದು ಹಂತ:

1. ಅರಿವು: ವಿಷಯ ಅರ್ಥವಾಗುತ್ತದೆ, ಸರಿಯಾದ ಪ್ರಶ್ನೆ ಕೇಳಬಲ್ಲೆವು.
2. ಮೇಲ್ವಿಚಾರಣೆಯಲ್ಲಿ ಕೆಲಸ: ಪಕ್ಕದಲ್ಲಿ ಬಲ್ಲವರಿದ್ದರೆ ಮಾಡಬಲ್ಲೆವು.
3. ಸ್ವತಂತ್ರ ಕೆಲಸ: ಯಾರೂ ನಿಂತು ನೋಡಬೇಕಿಲ್ಲ, ಹೊಸಬರಿಗೂ ಹೇಳಿಕೊಡಬಲ್ಲೆವು.
4. ಮುಂದಾಳು: ಇಡೀ ಸಂಸ್ಥೆ ಆ ವಿಷಯಕ್ಕೆ ನಮ್ಮನ್ನೇ ಕೇಳುತ್ತದೆ.
5. ಪರಿಣತ: ಸಂಸ್ಥೆಯಾಚೆಗೂ ನಮ್ಮ ಮಾತಿಗೆ ಬೆಲೆಯಿದೆ.

ಗಮನಿಸಿ, ಇಲ್ಲಿ ಸಿಜಿಪಿಎ ಇಲ್ಲ. ಬರೀ ಸರ್ವಿಸ್ ವರ್ಷ ಎಣಿಸಿದರೂ ಸಾಲದು, ಮಾಡಿದ ಕೆಲಸದ ಪುರಾವೆ ಬೇಕು. ಒಬ್ಬರೇ ಒಂದರಲ್ಲಿ ನಾಲ್ಕನೇ ಹಂತ, ಇನ್ನೊಂದರಲ್ಲಿ ಒಂದನೇ ಹಂತ ಇರಬಹುದು, ಅದರಲ್ಲಿ ನಾಚಿಕೆಯಿಲ್ಲ. ಅಪಾಯ ಇರುವುದು ಒಂದನೇ ಹಂತದಲ್ಲಿದ್ದು ಮೂರು ಅಂತ ಹೇಳಿಕೊಳ್ಳುವುದರಲ್ಲಿ. ಆಕಾಶದಲ್ಲಿರುವ ಉಪಗ್ರಹಕ್ಕೆ ತಪ್ಪು ಕಮ್ಯಾಂಡ್ ಹೋದರೆ, ಸ್ಪ್ಯಾನರ್ ಹಿಡಿದು ಹೋಗಿ ಸರಿಮಾಡಲಾಗದು.

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾಗುವ ಮುಂಚೆ ಟೀಮಿನ ನಾಲ್ಕೂ ಜನ ಕೂತು ಒಂದು ಹಾಳೆಯಲ್ಲಿ ನಮ್ಮ ನಮ್ಮ ಹಂತ ಬರೆದುಕೊಳ್ಳೋಣ. ಪಕ್ಕದಲ್ಲಿ ಪುರಾವೆಯನ್ನೂ ಬರೆಯೋಣ. ಖಾಲಿ ಉಳಿದ ಜಾಗವೇ ಈ ವರ್ಷ ಕಲಿಯಬೇಕಾದ ಪಾಠ.