ಪುಸ್ತಕ ಹುಡುಕಿಕೊಡುವವರ ಕಸುಬು

ಗ್ರಂಥಾಲಯದಲ್ಲಿ ದುಡಿಯುವವರ ಕಸುಬಿಗೆ ಎರಡು ಮುಖಗಳಿವೆ: ಬಂದ ಪುಸ್ತಕವನ್ನು ದಾಖಲಿಸಿ, ವಿಷಯವಾರು ವಿಂಗಡಿಸಿ, ಬೇಕೆಂದಾಗ ಮತ್ತೆ ಸಿಗುವಂತೆ ಇಡುವುದು ಒಂದು, ಆ ಪುಸ್ತಕ ಯಾರಿಗೆ ಬೇಕೋ ಅವರನ್ನು ಕಂಡುಕೊಂಡು ಅವರ ಕೈಗೆ ಅದನ್ನು ತಲುಪಿಸುವುದು ಇನ್ನೊಂದು. ತಾಳೆಗರಿಯಿಂದ ಮೊಬೈಲ್ ಪರದೆಯವರೆಗೆ ಓದಿನ ಸಾಧನ ಬದಲಾದಾಗಲೆಲ್ಲ ಈ ಎರಡೂ ಕೆಲಸಗಳ ರೀತಿ ಬದಲಾಗುತ್ತ ಬಂದಿದೆಯಾದರೂ, ಎರಡರಲ್ಲಿ ಯಾವುದೊಂದು ನಿಂತರೂ ಗ್ರಂಥಾಲಯವು ಗ್ರಂಥಾಲಯವಾಗಿ ಉಳಿಯುವುದಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಅರಸರ ಗ್ರಂಥಭಂಡಾರದ ನೆನಪು, ತಾಳೆಗರಿಯ ಸಂಗ್ರಹ, ಒಬ್ಬನೇ ವ್ಯಕ್ತಿ ಕೂಡಿಸಿದ ಲಕ್ಷಾಂತರ ಪುಸ್ತಕಗಳು, ಊರೂರಿನ ಪಂಚಾಯಿತಿ ಗ್ರಂಥಾಲಯಗಳು ಎಲ್ಲವೂ ಇರುವುದರಿಂದ, ಈ ಕಸುಬು ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದನ್ನು ನೋಡಲು ಇದಕ್ಕಿಂತ ತಕ್ಕ ಸೀಮೆ ಸಿಗುವುದು ಕಷ್ಟ.

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾದಾಗ ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದ ಸುಮಾರು ಎರಡು ಸಾವಿರ ಸಂಪುಟಗಳ ಗ್ರಂಥಭಂಡಾರವೂ ಅವರ ಕೈಸೇರಿತು. ಅರಬ್ಬಿ, ಪಾರಸಿ, ದಖನಿ ಮೊದಲಾದ ಭಾಷೆಗಳ ಈ ಹಸ್ತಪ್ರತಿಗಳಲ್ಲಿ ಇತಿಹಾಸ, ಸೂಫಿ ತತ್ವ, ವೈದ್ಯ, ಖಗೋಳ, ಕಾವ್ಯ ಎಲ್ಲವೂ ಇದ್ದವು; ಹಲವು ಗ್ರಂಥಗಳು ದಖ್ಖನಿನ ಬೇರೆ ಬೇರೆ ಅರಸರ ಸಂಗ್ರಹಗಳಿಂದ ಗೆದ್ದು ತಂದವಾಗಿದ್ದು, ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿಕೊಂಡಿದ್ದವು. ಈ ಭಂಡಾರ ಮುಂದೆ ಒಡೆದು, ಒಂದು ಭಾಗ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೂ ಇನ್ನೊಂದು ಭಾಗ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೂ ಸೇರಿತು. ಇಂದು ಅದನ್ನು ಹುಡುಕುವವರು ಬ್ರಿಟಿಷ್ ಲೈಬ್ರರಿಯ ಬಾಗಿಲನ್ನೂ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಬಾಗಿಲನ್ನೂ ತಟ್ಟಬೇಕು. ಹೀಗೆ ಚದುರಿಹೋದ ಗ್ರಂಥಗಳನ್ನು ಈಗಲೂ ಒಂದೇ ಸಂಗ್ರಹವೆಂದು ಗುರುತಿಸಲು ಸಾಧ್ಯವಾಗಿರುವುದಕ್ಕೆ ಮುಖ್ಯ ಕಾರಣ ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸನು ಸಿದ್ಧಪಡಿಸಿ 1809ರಲ್ಲಿ ಪ್ರಕಟಿಸಿದ ವಿವರಣಾತ್ಮಕ ಸೂಚಿ, ಎಂದರೆ ಪ್ರತಿ ಗ್ರಂಥದ ಹೆಸರು, ಕರ್ತೃ, ಭಾಷೆ, ವಿಷಯಗಳನ್ನು ವರ್ಗವಾರು ಬರೆದಿಟ್ಟ ಪಟ್ಟಿ. ಸೋತ ಅರಸನ ಆಸ್ತಿಯನ್ನು ಗೆದ್ದವರು ಲೆಕ್ಕ ಹಾಕಿಕೊಂಡ ದಾಖಲೆ ಅದು ಎಂಬುದನ್ನು ಮರೆಯಲಾಗದು; ಆದರೂ ಸಂಗ್ರಹ ಒಡೆದುಹೋದ ಮೇಲೆ ಅದರ ರೂಪವನ್ನು ಉಳಿಸಿಕೊಟ್ಟಿರುವುದು ಆ ಸೂಚಿಯೇ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಈ ಕೆಲಸ ಬೇರೊಂದು ಬಗೆಯಲ್ಲಿ ಮುಂದುವರಿದಿದೆ. 1970ರ ದಶಕದಲ್ಲಿ ಸ್ಥಾಪನೆಯಾದ ಅಲ್ಲಿನ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಸಾವಿರಾರು ಹಸ್ತಪ್ರತಿಗಳಿದ್ದು, ತಾಳೆಗರಿಗಳನ್ನು ಕಾಪಾಡುವುದೆಂದರೆ ಗರಿಗಳ ಧೂಳು ತೆಗೆಯುವುದು, ಎಣ್ಣೆ ಸವರಿ ಅವು ಒಣಗಿ ಮುರಿಯದಂತೆ ನೋಡಿಕೊಳ್ಳುವುದು, ಮಾಸಿದ ಅಕ್ಷರಗಳಿಗೆ ಮಸಿ ತುಂಬಿ ಓದಲು ಬರುವಂತೆ ಮಾಡುವುದು, ಕಟ್ಟಿಗೆ ಮರದ ಹಲಗೆ ಹಾಕಿ ಬಟ್ಟೆ ಸುತ್ತುವುದು. ಗರಿಗಳನ್ನು ಸ್ಕ್ಯಾನ್ ಮಾಡುವ ಯಂತ್ರ ಬಂದದ್ದರಿಂದ ಈ ಕೆಲಸಗಳಲ್ಲಿ ಯಾವುದೂ ತಪ್ಪಲಿಲ್ಲ. ಧೂಳು ತೆಗೆಯದ ಗರಿಯ ಚಿತ್ರ ಮಸುಕಾಗಿಯೇ ಬರುತ್ತದೆ. ಒಂದೇ ಕಟ್ಟಿನಲ್ಲಿ ಎರಡು ಮೂರು ಕೃತಿಗಳು ಸೇರಿಕೊಂಡಿರುವುದು ಸಾಮಾನ್ಯವಾದುದರಿಂದ, ಎಲ್ಲಿ ಒಂದು ಕೃತಿ ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದನ್ನು ಗ್ರಂಥ ಲಿಪಿಯನ್ನೂ ಹಳೆಯ ಕನ್ನಡ ಲಿಪಿಯನ್ನೂ ಬಲ್ಲವರೊಬ್ಬರು ಓದಿ ಹೇಳದಿದ್ದರೆ, ಸಾವಿರ ಚಿತ್ರಗಳಿದ್ದರೂ ಅವು ಹೆಸರಿಲ್ಲದ ಚಿತ್ರಗಳಾಗಿಯೇ ಉಳಿಯುತ್ತವೆ. ಗಣಕೀಕರಣವು ಗ್ರಂಥಪಾಲಕರ ಕೆಲಸವನ್ನು ಕಡಿಮೆ ಮಾಡುತ್ತದೆ ಎಂಬ ಮಾತನ್ನು ಈ ಕಾರಣಕ್ಕೆ ಎಚ್ಚರದಿಂದ ಕೇಳಬೇಕಾಗುತ್ತದೆ.

ಸಾರ್ವಜನಿಕ ಗ್ರಂಥಾಲಯದ ಕಥೆ ಈಚಿನದು. ಆಗಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ರೂಪುಗೊಂಡಿತು. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿ ಅದರಿಂದ ಗ್ರಂಥಾಲಯಗಳನ್ನು ನಡೆಸುವ ವ್ಯವಸ್ಥೆ ಅದರಿಂದ ಬಂತು. ಈ ಕರ ಈಗ ಶೇ 6ರಷ್ಟಿದೆ, ಎಂದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ತಿಳಿದೋ ತಿಳಿಯದೆಯೋ ಊರಿನ ಗ್ರಂಥಾಲಯಕ್ಕೆ ಪಾಲು ಕೊಡುತ್ತಿರುತ್ತಾರೆ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು ಮತ್ತು 1972ರಲ್ಲಿ ತೀರಿಕೊಳ್ಳುವವರೆಗೂ ಆ ನಗರದಲ್ಲಿಯೇ ನೆಲೆಸಿದ್ದರು. ಗ್ರಂಥಾಲಯವನ್ನು ಅವರು ಬೆಳೆಯುತ್ತಲೇ ಇರುವ ಜೀವಿಯೆಂದು ಕಂಡಿದ್ದರು. ಆದ್ದರಿಂದ ಬದಲಾವಣೆ ಎಂಬುದು ಈ ಕಸುಬಿಗೆ ಹೊರಗಿನಿಂದ ಬಂದ ಹೊರೆಯಲ್ಲ, ಅದರ ಮೂಲ ತತ್ವಗಳಲ್ಲಿಯೇ ಸೇರಿಕೊಂಡದ್ದು.

ಕರ್ನಾಟಕದ ಹಳ್ಳಿಗಳ ಮಟ್ಟಿಗೆ ದೊಡ್ಡ ಬದಲಾವಣೆ ಆದದ್ದು 2019ರ ನಂತರ. ಆ ವರ್ಷ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಹೊಣೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಯಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವವನ್ನು ಉಚಿತವಾಗಿ ಕೊಡಲಾಯಿತು. ಮುಂದೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಸೇರಿ, ಅನೇಕ ಕಡೆ ಕಂಪ್ಯೂಟರ್, ಟಿ.ವಿ., ಇಂಟರ್‌ನೆಟ್ ಬಂದವು. ಗೋಡೆಗಳ ಮೇಲೆ ಚಿತ್ರಗಳು ಮೂಡಿದವು. ಗಟ್ಟಿಯಾಗಿ ಓದುವುದು, ಕತೆ ಹೇಳುವುದು, ಚದುರಂಗ, ಬೇಸಿಗೆ ಶಿಬಿರ ಇವೆಲ್ಲ ಗ್ರಂಥಾಲಯದ ಕೆಲಸಗಳ ಪಟ್ಟಿಗೆ ಸೇರಿದವು. ದಿನಪತ್ರಿಕೆ ಓದಲು ಬರುವ ಹಿರಿಯರಿಗಾಗಿ ಬೆಳಗ್ಗೆ ಸಂಜೆ ಕೆಲವು ಗಂಟೆ ಬಾಗಿಲು ತೆರೆಯುತ್ತಿದ್ದ ಕೋಣೆಯು ಮಕ್ಕಳ ಜಾಗವೂ ಆಯಿತು.

ಈ ಬದಲಾವಣೆಯ ಭಾರ ಬಿದ್ದದ್ದು ಪ್ರತಿ ಗ್ರಂಥಾಲಯದಲ್ಲಿರುವ ಒಬ್ಬನೇ ಒಬ್ಬ ಸಿಬ್ಬಂದಿಯ ಮೇಲೆ. ಸರ್ಕಾರಿ ಭಾಷೆಯಲ್ಲಿ ಅವರು ‘ಗ್ರಂಥಾಲಯ ಮೇಲ್ವಿಚಾರಕರು’. ಊರಿನವರ ಬಾಯಲ್ಲಿ ‘ಲೈಬ್ರರಿ ಮೇಡಂ’ ಅಥವಾ ‘ಲೈಬ್ರರಿಯವರು’. ಇವರಲ್ಲಿ ಬಹುಮಂದಿ ಗೌರವಧನದ ಮೇಲೆ ವರ್ಷಗಟ್ಟಲೆ ದುಡಿದವರು, ಕನಿಷ್ಠ ವೇತನಕ್ಕಾಗಿ ದೀರ್ಘಕಾಲ ಹೋರಾಡಿದವರು. ಮೊದಲು ಅವರ ಕೆಲಸವು ಪತ್ರಿಕೆ ಜೋಡಿಸುವುದು, ಬಂದ ಪುಸ್ತಕಗಳನ್ನು ಅಕ್ಸೆಷನ್ ರಿಜಿಸ್ಟರ್ ಎಂಬ ದಾಖಲಾತಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿ ಏರಿಸುವುದು, ಎರವಲು ಕೊಟ್ಟದ್ದನ್ನು ಬರೆದುಕೊಳ್ಳುವುದು, ಒಂದೂ ಪುಸ್ತಕ ಕಳೆಯದಂತೆ ಕಾಯುವುದು ಇಷ್ಟಾಗಿತ್ತು. ಪುಸ್ತಕ ಕಳೆದರೆ ಕೈಯಿಂದ ಹಣ ತುಂಬಬೇಕಾದೀತೆಂಬ ಭಯವಿರುವಲ್ಲಿ ಬೀರುವಿಗೆ ಬೀಗ ಬೀಳುವುದು ಸಹಜ. ಹಾಗೆ ಬೀಗದ ಕೈ ಹಿಡಿದವರೇ ಇಂದು ಎಂಟು ವರ್ಷದ ಮಗುವಿನ ಕೈಗೆ ಪುಸ್ತಕ ಕೊಟ್ಟು ಮನೆಗೆ ಕಳುಹಿಸಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವತಿಗೆ ಅರ್ಜಿ ತುಂಬಲು ನೆರವಾಗಬೇಕು, ಟಿ.ವಿ. ಕೆಟ್ಟಾಗ ಪಂಚಾಯಿತಿ ಕಚೇರಿಗೆ ಪತ್ರ ಬರೆಯಬೇಕು. ಪುಸ್ತಕ ಕಳೆಯುವ ಭಯವನ್ನು ಅವರ ಹೆಗಲಿನಿಂದ ಇಳಿಸದೆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿ ಎಂದು ಹೇಳುವುದು ನ್ಯಾಯವಲ್ಲ. ಹರಿದ ಪುಸ್ತಕವನ್ನು ಓದಿಗೆ ಸಂದದ್ದೆಂದು ತಿಳಿದು ಲೆಕ್ಕದಿಂದ ತೆಗೆಯುವ ಸರಳ ನಿಯಮವೊಂದಿದ್ದರೆ, ಅದು ಒಂದು ಹೊಸ ಕಂಪ್ಯೂಟರಿಗಿಂತ ಹೆಚ್ಚಿನ ಬದಲಾವಣೆಯನ್ನು ತರಬಲ್ಲದು.

ಇದಕ್ಕೆ ತಿರುಗುಮುರುಗಾದ ಚಿತ್ರ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿದೆ. ರೈತ ಕುಟುಂಬದಿಂದ ಬಂದು, ಕೆಲಕಾಲ ಬಸ್ ಕಂಡಕ್ಟರಾಗಿದ್ದು, ಅನಂತರ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ದುಡಿದ ಅಂಕೇಗೌಡರು ತಮ್ಮ ಸಂಪಾದನೆಯ ಬಹುಪಾಲನ್ನು ಸುರಿದು, ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿ ಕಟ್ಟಿದ ‘ಪುಸ್ತಕ ಮನೆ’ ಅಲ್ಲಿದೆ. ಉದ್ಯಮಿ ಹರಿ ಖೋಡೆಯವರ ನೆರವಿನಿಂದ ಎದ್ದ ಕಟ್ಟಡದಲ್ಲಿ ಹಲವು ಭಾಷೆಗಳ ಸುಮಾರು 20 ಲಕ್ಷ ಪುಸ್ತಕಗಳಿವೆ, ಯಾರು ಬೇಕಾದರೂ ಹಣ ಕೊಡದೆ ಬಂದು ಓದಬಹುದು. 2026ರ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಪ್ರಕಟವಾದ ಪದ್ಮಶ್ರೀ ಪುರಸ್ಕೃತರ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು, ಒಬ್ಬ ಕಾರ್ಮಿಕನ ಪುಸ್ತಕಪ್ರೀತಿಗೆ ದೇಶ ತೋರಿದ ಗೌರವ. ಆದರೆ ಅಲ್ಲಿನ ಪುಸ್ತಕಗಳು ಬೀರುಗಳನ್ನು ತುಂಬಿ ನೆಲದ ಮೇಲೂ ರಾಶಿಯಾಗಿವೆ, ಚೀಲಗಳಿಂದ ಇನ್ನೂ ಹೊರಬರದವೂ ಇವೆ. ವೃತ್ತಿಪರ ಗ್ರಂಥಪಾಲಕರಿಲ್ಲ, ಪೂರ್ಣ ಸೂಚಿಯಿಲ್ಲ. ಬಂದವರು ಕೇಳಿದ ಪುಸ್ತಕ ಎಲ್ಲಿದೆ ಎಂಬುದಕ್ಕೆ ಅಂಕೇಗೌಡರ ನೆನಪೇ ದೊಡ್ಡ ಆಧಾರ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಜನರನ್ನು ಬಲ್ಲ ಮೇಲ್ವಿಚಾರಕರಿದ್ದಾರೆ, ಪುಸ್ತಕಗಳು ಕಡಿಮೆ. ಪುಸ್ತಕ ಮನೆಯಲ್ಲಿ ಪುಸ್ತಕಗಳಿವೆ, ಅವುಗಳನ್ನು ಹುಡುಕಿಕೊಡುವ ವ್ಯವಸ್ಥೆಯಿಲ್ಲ. ಕಸುಬಿನ ಎರಡು ಮುಖಗಳು ಒಂದೇ ತಾಲ್ಲೂಕಿನಲ್ಲಿ ಒಂದನ್ನೊಂದು ಕಾಣದೆ ನಿಂತಿವೆ.

20 ಲಕ್ಷ ಪುಸ್ತಕಗಳಿಗೆ ಸೂಚಿ ಮಾಡುವುದೆಂದರೆ ಏನು ಎಂಬುದನ್ನು ಒಂದು ಅಂದಾಜಿನಿಂದ ತಿಳಿಯಬಹುದು. ಒಬ್ಬರು ದಿನಕ್ಕೆ 50 ಪುಸ್ತಕಗಳ ವಿವರ ದಾಖಲಿಸಿದರೆಂದು ಇಟ್ಟುಕೊಂಡರೆ, ಹತ್ತು ಮಂದಿ ಸೇರಿದರೂ 4,000 ದಿನಗಳು ಬೇಕು. ವರ್ಷಕ್ಕೆ 280 ಕೆಲಸದ ದಿನಗಳೆಂದು ಹಿಡಿದರೆ ಅದು 14 ವರ್ಷ ದಾಟುತ್ತದೆ. ಹೊಸ ಇಂಗ್ಲಿಷ್ ಪುಸ್ತಕಗಳ ವಿಷಯದಲ್ಲಿ ಈ ಕೆಲಸ ಬೇಗ ಸಾಗುತ್ತದೆ, ಏಕೆಂದರೆ ಪುಸ್ತಕದ ಹಿಂಬದಿಯಲ್ಲಿರುವ ಐಎಸ್‌ಬಿಎನ್ ಎಂಬ ಅಂತರರಾಷ್ಟ್ರೀಯ ಸಂಖ್ಯೆಯನ್ನು ಕೊಟ್ಟರೆ ಬೇರೊಂದು ಗ್ರಂಥಾಲಯ ಈಗಾಗಲೇ ಸಿದ್ಧಪಡಿಸಿದ ವಿವರವನ್ನು ಕಂಪ್ಯೂಟರ್ ತಂದುಕೊಡುತ್ತದೆ. ಆದರೆ ಆ ಸಂಖ್ಯೆಯ ಪದ್ಧತಿ ಬಂದದ್ದು 1970ರ ಸುಮಾರಿಗೆ, ಕನ್ನಡ ಪ್ರಕಾಶಕರಲ್ಲಿ ಅದು ಹರಡಿದ್ದು ಇನ್ನೂ ತಡವಾಗಿ. ಹಾಗಾಗಿ ಹಳೆಯ ಕನ್ನಡ ಪುಸ್ತಕವನ್ನು ಪ್ರತಿಯೊಂದನ್ನೂ ತೆರೆದು ಶೀರ್ಷಿಕೆಪುಟ ನೋಡಿಯೇ ಬರೆಯಬೇಕು.

ಅಲ್ಲಿಯೂ ತೊಡಕುಗಳಿವೆ, ಮತ್ತು ಅವು ಈ ಸೀಮೆಯ ಲೇಖಕರ ಹೆಸರುಗಳಲ್ಲಿಯೇ ಚೆನ್ನಾಗಿ ಕಾಣುತ್ತವೆ. ಮೇಲುಕೋಟೆಯ ಕವಿ ಒಂದು ಪುಸ್ತಕದ ಮೇಲೆ ಪು.ತಿ.ನ., ಇನ್ನೊಂದರ ಮೇಲೆ ಪು.ತಿ. ನರಸಿಂಹಾಚಾರ್, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿ, ಕೆ.ಎಸ್.ನ.; ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಆಚಾರ್ಯರು ಬಿ.ಎಂ. ಶ್ರೀಕಂಠಯ್ಯ, ಬಿ.ಎಂ.ಶ್ರೀ, ಬರಿಯ ‘ಶ್ರೀ’. ಓದುಗರಿಗೆ ಇವೆಲ್ಲ ಒಬ್ಬರೇ ಎಂಬುದು ಗೊತ್ತು; ಕಂಪ್ಯೂಟರಿಗೆ ಇವರು ಬೇರೆ ಬೇರೆ ಮಂದಿ. ಇವುಗಳಲ್ಲಿ ಒಂದು ರೂಪವನ್ನು ಅಧಿಕೃತವೆಂದು ಗೊತ್ತುಮಾಡಿ ಉಳಿದವನ್ನು ಅದಕ್ಕೆ ಜೋಡಿಸುವುದು ಗ್ರಂಥಪಾಲಕರ ಕೆಲಸ. ಕನ್ನಡ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡುವುದೇ ರೂಢಿಯಾಗಿದ್ದ ವರ್ಷಗಳಲ್ಲಿ ಒಂದೇ ಹೆಸರಿಗೆ ನಾಲ್ಕಾರು ಕಾಗುಣಿತಗಳು ಸೃಷ್ಟಿಯಾದವು. ಯುನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತ ಪದ್ಧತಿ ಬಂದ ಮೇಲೆ ಕನ್ನಡ ಲಿಪಿಯಲ್ಲಿಯೇ ದಾಖಲಿಸಿ, ಅದರಲ್ಲಿಯೇ ಹುಡುಕಲು ಸಾಧ್ಯವಾಗಿದೆ. ವರ್ಗೀಕರಣದ ಸ್ಥಿತಿಯೂ ಇಂಥದ್ದೇ. 1876ರಲ್ಲಿ ಅಮೆರಿಕದಲ್ಲಿ ಹುಟ್ಟಿ ಜಗತ್ತಿನ ಹೆಚ್ಚಿನ ಗ್ರಂಥಾಲಯಗಳಲ್ಲಿ ಬಳಕೆಯಾಗುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ಶ್ರೇಣಿಯಿದ್ದರೆ, ಸಾವಿರ ವರ್ಷಕ್ಕೂ ಹಳೆಯದಾದ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು 894.814 ಎಂಬ ಸಣ್ಣ ಮೂಲೆ. ಪುಸ್ತಕದ ಬೆನ್ನಿನ ಮೇಲೆ ಅಷ್ಟುದ್ದ ಸಂಖ್ಯೆ ಬರೆಯುವ ಕಷ್ಟವನ್ನು ಕನ್ನಡ ನಾಡಿನ ಪ್ರತಿ ಗ್ರಂಥಪಾಲಕರೂ ಬಲ್ಲರು.

ಗ್ರಾಮ ಗ್ರಂಥಾಲಯಗಳಲ್ಲಿ ಇಷ್ಟು ಸೂಕ್ಷ್ಮದ ಸೂಚಿ ಬೇಕಾಗಿಲ್ಲ. ಅಲ್ಲಿ ಬೇಕಾದದ್ದು ಸ್ಥಳೀಯ ಸಂಗ್ರಹ, ಎಂದರೆ ಆ ಊರು, ಆ ತಾಲ್ಲೂಕಿಗೆ ಸಂಬಂಧಪಟ್ಟ ಪುಸ್ತಕ ಮತ್ತು ದಾಖಲೆಗಳನ್ನು ಒಂದೆಡೆ ಕೂಡಿಸಿಡುವುದು. ಕಿಕ್ಕೇರಿಯ ಮಗು 1942ರಲ್ಲಿ ಬಂದ ‘ಮೈಸೂರ ಮಲ್ಲಿಗೆ’ಯನ್ನು ತನ್ನೂರಿನ ಕೋಣೆಯಲ್ಲಿಯೇ ಕಾಣಬೇಕು, ಅಕ್ಕಿಹೆಬ್ಬಾಳಿನಲ್ಲಿ ಎ.ಎನ್. ಮೂರ್ತಿರಾಯರ ಪ್ರಬಂಧಗಳೂ ನಾಗಮಂಗಲದ ಹಳ್ಳಿಗಳಲ್ಲಿ ಆ ತಾಲ್ಲೂಕಿನಲ್ಲಿಯೇ ಹುಟ್ಟಿ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರ ಸಂಗ್ರಹಗಳೂ ಇರಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳೂ ಏಳನೆಯದರಲ್ಲಿ ನಾಗಮಂಗಲದ ಶಾಸನಗಳೂ ಇವೆ. ಊರ ಕೆರೆ ಏರಿಯ ಮೇಲಿನ ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳುವ ಹುಡುಗನಿಗೆ ಆ ಎರಡು ಸಂಪುಟಗಳನ್ನು ತೆರೆದು ತೋರಿಸಬಲ್ಲ ಮೇಲ್ವಿಚಾರಕರು ಒಬ್ಬ ಶಾಲಾ ಶಿಕ್ಷಕರಷ್ಟೇ ಮುಖ್ಯರು. ಇಂಥ ತರಬೇತಿಗೆ ದೂರ ಹೋಗಬೇಕಾಗಿಲ್ಲ. ಗ್ರಂಥಾಲಯ ವಿಜ್ಞಾನವನ್ನು ಕಲಿಸುವ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಹರಳಹಳ್ಳಿಗೆ ಬಂದು ಪುಸ್ತಕ ಮನೆಯ ಸೂಚಿಯ ಕೆಲಸವನ್ನು ತಮ್ಮ ಅಭ್ಯಾಸದ ಭಾಗವಾಗಿ ಕೈಗೊಂಡರೆ, ನಾಲ್ಕು ತಾಲ್ಲೂಕುಗಳ ಮೇಲ್ವಿಚಾರಕರು ಸಂಬಳ ಸಹಿತ ರಜೆಯ ಮೇಲೆ ಅವರ ಜೊತೆ ಕೂತು ಕಲಿಯಬಹುದು. ಮೊದಲು ಮಂಡ್ಯ ಜಿಲ್ಲೆಗೆ ಸಂಬಂಧಿಸಿದ ಪುಸ್ತಕಗಳನ್ನು ಆರಿಸಿ ಸೂಚಿ ಮಾಡಿದರೆ ಸಾಕು. ಅದನ್ನು ಅರಿವು ಕೇಂದ್ರಗಳ ಕಂಪ್ಯೂಟರುಗಳಲ್ಲಿ ಹಾಕಿದ ದಿನದಿಂದ ಬೆಳ್ಳೂರಿನ ಓದುಗರು ತಮಗೆ ಬೇಕಾದ ಪುಸ್ತಕ ಹರಳಹಳ್ಳಿಯಲ್ಲಿ ಇದೆಯೇ ಎಂದು ಬಸ್ ಹತ್ತುವ ಮೊದಲೇ ನೋಡಿಕೊಳ್ಳಬಹುದು.